ಗಲ್ಲದ ಕೂದಲು

ಅತ್ತೆ ಮಂಚದ ಸುತ್ತ ಪರದೆ ಎಳೆದು, ಸೊಸೆ ಟೀಚರಮ್ಮನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಬಲಗೈ ಮುರಿದು ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು. ಒಂಬತ್ತು ವರ್ಷದಿಂದ ದಿನಾ ಬೆಳಗ್ಗೆ ಬಚ್ಚಲ ಚಿಲಕ ಹಾಕಿಕೊಂಡು, ಗಂಡನಿಗೂ ಗೊತ್ತಾಗದಂತೆ ಬೋಳಿಸುತ್ತಿದ್ದ ಕೂದಲು ಈಗ ಚುಚ್ಚುವಷ್ಟು ಬೆಳೆದಿತ್ತು. ಯಾರೇ ನೋಡಲು ಬರಲಿ, ಅವಳು ಹೊದಿಕೆಯನ್ನು ಮೂಗಿನವರೆಗೂ ಎಳೆದುಕೊಳ್ಳುತ್ತಿದ್ದಳು.

ಅತ್ತೆ ಚೀಲದಿಂದ ರೇಜರ್ ತೆಗೆದರು. ಮನೆಯ ಬಚ್ಚಲಲ್ಲಿ ಸೋಪಿನ ಪುಡಿಯ ಡಬ್ಬದ ಹಿಂದೆ ಅವಳು ಬಚ್ಚಿಟ್ಟಿದ್ದ ರೇಜರೇ ಅದು.

“ಅತ್ತೆ, ನಿಮಗೆ ಯಾವಾಗಿಂದ ಗೊತ್ತು?”

“ನೀನು ಮನೆಗೆ ಬಂದ ತಿಂಗಳೇ ಗೊತ್ತಾಯ್ತು. ಅಲ್ಲಾಡಬೇಡ, ಗಾಯವಾದೀತು. ಡಾಕ್ಟರಮ್ಮನ್ನೂ ಕೇಳಿದೀನಿ. ಇದಕ್ಕೆ ರಕ್ತ ಪರೀಕ್ಷೆ, ಮಾತ್ರೆ ಎಲ್ಲಾ ಇದೆಯಂತೆ.”

ನಾಚಿಕೆಪಡಬೇಕೋ, ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ ಎಂದು ಸಿಟ್ಟಾಗಬೇಕೋ, ತನ್ನನ್ನು ಕೇಳದೆ ಡಾಕ್ಟರಿಗೆ ಹೇಳಿದ್ದಕ್ಕೆ ಜಗಳ ತೆಗೆಯಬೇಕೋ, ಅವಳಿಗೆ ಒಂದೂ ತೋಚಲಿಲ್ಲ. ಅತ್ತೆ ಅವಳ ಮುಖ ಒರೆಸಿದರು. ಆಮೇಲೆ ಪುಟ್ಟ ಚಿಮುಟವೊಂದನ್ನು ಅವಳ ಎಡಗೈಗೆ ಕೊಟ್ಟು, ತಮ್ಮ ಗಲ್ಲವನ್ನೇ ಮುಂದೆ ಚಾಚಿದರು.

“ಕನ್ನಡೀಲಿ ನನಗೀಗ ಸರಿಯಾಗಿ ಕಾಣಲ್ಲ. ಇಲ್ಲೆಲ್ಲೋ ಎರಡು ಉಳ್ಕೊಂಡಿವೆ, ನೋಡು.”