ನಲ್ಲಿ ಇಲ್ಲದ ವಾಟರ್ ಸರ್ವಿಸ್

ತೊಟ್ಟಿಯ ನೀರನ್ನು ಬೊಗಸೆಯಲ್ಲಿ ಎತ್ತಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು ನಾಗರಾಜಪ್ಪ ಪಕ್ಕಕ್ಕೆ ಉಗಿದ. ಬ್ಲೀಚಿಂಗ್ ಪೌಡರಿನ ವಾಸನೆ. ಇನ್ನು ಅನುಮಾನವೇ ಇರಲಿಲ್ಲ. ಇದು ನಲ್ಲಿ ನೀರು. ಆದರೆ ಈ ಜಾಗದಲ್ಲಿ ನಲ್ಲಿಯೇ ಇಲ್ಲ.

ಹೊಸದುರ್ಗದ ರಸ್ತೆಯ ಪಕ್ಕ, ಊರಾಚೆ, ಓಬಯ್ಯ ಲಾರಿ ತೊಳೆಯುವ ಮೆಷಿನ್ ಇಟ್ಟು ಎರಡು ತಿಂಗಳಾಗಿತ್ತು. ಡೀಸೆಲ್ ಎಂಜಿನ್ ಗುಡುಗುಡು ಎಂದರೆ ಸಾಕು, ಪೈಪಿನ ತುದಿಯಿಂದ ನೀರು ರಭಸವಾಗಿ ಚಿಮ್ಮಿ ಧರ್ಮಪುರದ ಶೇಂಗಾ ಲಾರಿಗಳ ಕೊಳೆಯನ್ನು ಕಿತ್ತು ಹಾಕುತ್ತಿತ್ತು. ಎಪ್ಪತ್ತಾರರ ಬೇಸಿಗೆ. ಊರಿನ ಹೆಂಗಸರು ಬಿಂದಿಗೆ ಹಿಡಿದು ಬೀದಿ ನಲ್ಲಿಯ ಮುಂದೆ ಕಚ್ಚಾಡುತ್ತಿದ್ದರೆ ಇವನು ದಿನಕ್ಕೆ ಆರು ಲಾರಿಗೆ ಸ್ನಾನ ಮಾಡಿಸುತ್ತಿದ್ದ. ಮೊನ್ನೆಮೊನ್ನೆಯವರೆಗೆ ಕುರಿ ಕಾಯುತ್ತಿದ್ದವನಿಗೆ ಎಂಥ ಸೊಕ್ಕು!

ನೀರಿನ ಇನ್‌ಸ್ಪೆಕ್ಟರ್ ನಾಗರಾಜಪ್ಪನಿಗೆ ಈ ಮುಖ ಹೊಸದಲ್ಲ. ಹೋದ ಚಳಿಗಾಲದಲ್ಲಿ ಓಬಯ್ಯ ಮೂರು ಸಲ ಅರ್ಜಿ ಹಿಡಿದು ಅವನ ಟೇಬಲ್ಲಿನ ಮುಂದೆ ಬಂದು ನಿಂತಿದ್ದ. ಹೆಗಲ ಮೇಲೆ ಕಂಬಳಿ, ಮೈಯೆಲ್ಲ ಕುರಿ ವಾಸನೆ. ಇಂಥವನು ನೀರಿನ ಕಚೇರಿಗೆ ಬಂದರೆ ಇನ್ನೇನು ಕೇಳುತ್ತಾನೆ? "ಒಂದ್ಸಲ ಓದ್ರಿ ಸ್ವಾಮಿ" ಎಂದು ಗೋಗರೆದಿದ್ದ. ನಾಗರಾಜಪ್ಪ ಮೂರು ಸಲವೂ ತಲೆ ಎತ್ತದೆ 'ತಿರಸ್ಕರಿಸಲಾಗಿದೆ' ಎಂದು ಗೀಚಿ, ಸಹಿ ಮಾಡಿ, ಕಾಗದವನ್ನು ಅವನ ಕಡೆಗೇ ತಳ್ಳಿದ್ದ. ಕುರಿಗಳಿಗೂ ನಲ್ಲಿ ನೀರೇ ಆಗಬೇಕೇನಯ್ಯ ಎಂದು ಕೇಳಿದಾಗ ಇಡೀ ಕಚೇರಿ ನಕ್ಕಿತ್ತು.

ಈಗ ಇವನನ್ನು ಹಿಡಿದುಕೊಟ್ಟರೆ ಓವರ್‌ಸಿಯರ್ ಹುದ್ದೆ ಕೈಗೆ ಬಂದ ಹಾಗೆ. ಮೂರು ವರ್ಷದಿಂದ ತನ್ನ ಭಾಗದಲ್ಲಿ ಒಂದು ದೂರೂ ಇಲ್ಲವೆಂದು ನಾಗರಾಜಪ್ಪ ಎದೆಯುಬ್ಬಿಸಿ ವರದಿ ಬರೆಯುತ್ತಿದ್ದ. ಹಾಗಾದರೆ ನೀರೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ದೊಡ್ಡ ಸಾಹೇಬರು ಕೇಳುತ್ತಲೇ ಇದ್ದರು. ಅದಕ್ಕೇ ಇವತ್ತು ಅವರನ್ನೇ ಜೀಪಿನಲ್ಲಿ ಕರೆತಂದಿದ್ದ.

"ನೀರು ಎಲ್ಲಿಂದ ತರ್ತೀಯಪ್ಪ?" ಎಂದು ಸಾಹೇಬರು ಕೇಳಿದರು.

"ನಿಮ್ದೇ ನೀರು ಸ್ವಾಮಿ, ಇಲ್ಲ ಅನ್ನಂಗಿಲ್ಲ" ಎಂದ ಓಬಯ್ಯ. "ಇವ್ರೇ ಸಹಿ ಹಾಕಿ ಕಳ್ಸವ್ರೆ. ಆಮ್ಯಾಲೇ ನಾನು ಮೆಷಿನ್ ತಂದಿದ್ದು."

ನಾಗರಾಜಪ್ಪನ ಮೈ ಉರಿದುಹೋಯಿತು. ಕದ್ದಿದ್ದಲ್ಲದೆ ತನ್ನ ತಲೆಗೇ ಕಟ್ಟುತ್ತಾನಲ್ಲ! ಕಳ್ಳ ಪೈಪು ಸಿಗುವವರೆಗೂ ತೊಟ್ಟಿಯ ಬುಡದಿಂದ ಅಗೆಯಿರಿ ಎಂದು ಕೂಲಿಯವರಿಗೆ ಅಪ್ಪಣೆ ಮಾಡಿದ. ಓಬಯ್ಯ ತಡೆಯಲಿಲ್ಲ. ತನ್ನದೇ ಗುದ್ದಲಿಯನ್ನೂ ತಂದುಕೊಟ್ಟು, ರಸ್ತೆಯ ಕಡೆಗೆ ಅಗೆದರೆ ಬೇಗ ಸಿಗುತ್ತದೆ ಎಂದ. ಅವನ ಹೆಂಡತಿ ಯಲ್ಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಹೆದರಿದ್ದಾಳೆ ಎಂದುಕೊಂಡ ನಾಗರಾಜಪ್ಪ.

ಹತ್ತು ಮಾರು ಅಗೆದರೂ ಕಳ್ಳ ಪೈಪು ಸಿಗಲಿಲ್ಲ, ಬರೀ ಕೆಸರು. ರಸ್ತೆಯ ಅಂಚಿನಲ್ಲಿ ಗುದ್ದಲಿ ಠಣ್ ಎಂದಿತು. ನೀರು ಬುಗ್ಗೆಯಾಗಿ ಎದ್ದು ಸಾಹೇಬರ ಪ್ಯಾಂಟು ತೋಯಿಸಿತು. ಅದು ಊರಿಗೆ ಹೋಗುವ ದೊಡ್ಡ ಪೈಪು. ಜೋಡಿಸಿದ ಜಾಗದಲ್ಲಿ ತುಕ್ಕು ತಿಂದು ಬಾಯಿ ಬಿಟ್ಟಿತ್ತು. ಅಲ್ಲಿಂದ ಒಸರಿದ ನೀರು ತಗ್ಗಿನಲ್ಲಿದ್ದ ತೊಟ್ಟಿಗೆ ತಾನಾಗಿಯೇ ಬಂದು ತುಂಬುತ್ತಿತ್ತು.

"ಇವನೇ ಒಡೆದಿರೋದು ಸಾರ್" ಎಂದ ನಾಗರಾಜಪ್ಪ.

ಓಬಯ್ಯ ಜೇಬಿನಿಂದ ಮೂರು ಕಾಗದ ತೆಗೆದು ಸಾಹೇಬರ ಕೈಗಿಟ್ಟ. ಸಾಹೇಬರು ಮೇಲಿನದನ್ನು ಗಟ್ಟಿಯಾಗಿಯೇ ಓದಿದರು: "ರಸ್ತೆ ಬದಿಯ ದೊಡ್ಡ ಪೈಪು ಒಡೆದು ನೀರೆಲ್ಲ ನನ್ನ ಜಾಗಕ್ಕೆ ನುಗ್ಗುತ್ತಿದೆ, ಮನೆಯ ಗೋಡೆ ಕುಸಿಯುತ್ತಿದೆ, ದಯಮಾಡಿ ಪೈಪು ರಿಪೇರಿ ಮಾಡಿಸಿ."

ಮೂರು ಕಾಗದಗಳ ಕೆಳಗೂ ಅದೇ ದುಂಡಗಿನ ಅಕ್ಷರ: 'ತಿರಸ್ಕರಿಸಲಾಗಿದೆ. ನಾಗರಾಜಪ್ಪ.'