ಗಿಣಿಹಸಿರು

ಹೋಟೆಲಿನ ಮುಂದಿನ ಹುಲ್ಲುಹಾಸು ಬರಕ್ಕೆ ಹಳದಿಯಾಗಿತ್ತು.

"ನಾಳೆ ಮಾಲೀಕರು ಬರ್ತಾರೆ. ಅಷ್ಟರಲ್ಲಿ ಹಸಿರಾಗ್ದಿದ್ರೆ ನಿನ್ನ ಕೆಲ್ಸ ಹೋಯ್ತು ಅಂತ ತಿಳ್ಕೊ," ಎಂದ ಮ್ಯಾನೇಜರ್.

"ಬೇರಿಗೆ ಜೀವ ಇದೆ ಸಾರ್. ಇರೋ ನೀರು ಮರಗಳಿಗೇ ಸಾಲ್ದು," ಎಂದು ತೋಟಗಾರ ಅಂಗಲಾಚಿದ.

"ಲೋ, ನನಗೇ ಪಾಠ ಹೇಳ್ತೀಯಾ?"

ಮರುದಿನ ಹುಲ್ಲು ಗಿಣಿಹಸಿರಾಗಿತ್ತು. ತೋಟಗಾರ ಒಂದು ಬದಿಗೆ ನಿಂತಿದ್ದ. ಮಾಲೀಕರು ಕಾರಿನಿಂದಿಳಿದು ನಿಂತೇಬಿಟ್ಟರು. "ಇದು ಹೇಗೆ?"

"ನಾನೇ ಮುಂದೆ ನಿಂತು ನೀರು ಹಾಯಿಸ್ದೆ ಸಾರ್," ಎಂದು ಮ್ಯಾನೇಜರ್ ಬೀಗಿದ.

"ಊರೆಲ್ಲ ಕೊಡ ಹಿಡ್ಕೊಂಡು ಸಾಲಲ್ಲಿ ನಿಂತಿರೋವಾಗ ಹುಲ್ಲಿಗೆ ನೀರಾ? ನಾಳೆಯಿಂದ ನೀವು ಬರಬೇಡಿ."

ಮ್ಯಾನೇಜರ್ ತೋಟಗಾರನತ್ತ ತಿರುಗಿದ. "ಅಣ್ಣಾ, ನಾನು ಒಂದು ಹನೀನೂ ಹಾಯಿಸ್ಲಿಲ್ಲ ಅಂತ ಹೇಳಣ್ಣ!"

ಹಸಿರು ಪೇಂಟು ಮೆತ್ತಿದ್ದ ಅಂಗೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ತೋಟಗಾರ ಹೇಳಿದ: "ಎರಡು ಟ್ಯಾಂಕರ್ ಹಾಯಿಸಿದ್ರು ಸಾರ್."