ಕೊಟ್ಟ ರುಚಿ

ಆ ಊರಲ್ಲಿ ಮಕ್ಕಳ ಇನ್ಸುಲಿನ್‌ಗೆ ದುಡ್ಡು ಕೇಳುತ್ತಿರಲಿಲ್ಲ, ಹೆತ್ತವರ ನಾಲಿಗೆಯ ರುಚಿ ಇಸಿದುಕೊಳ್ಳುತ್ತಿದ್ದರು. ಸಿಹಿಗೆ ಒಂದು ವರ್ಷದ ಔಷಧಿ, ಉಪ್ಪಿಗೆ ಆರು ತಿಂಗಳದ್ದು, ಕಹಿಗೆ ಬರೀ ಒಂದು ವಾರದ್ದು.

ಹುಲಿಗೆಮ್ಮ ಮಗಳಿಗಾಗಿ ಸಿಹಿ, ಉಪ್ಪು ಎರಡನ್ನೂ ಕೊಟ್ಟಾಗಿತ್ತು. ಅದು ಗೊತ್ತಿದ್ದೂ ಗಂಡ ಮುದುಕಪ್ಪ ನೆಂಟರ ಮುಂದೆ ತಾಟು ಸರಿಸಿದ.

"ಸಾರಿಗೆ ಉಪ್ಪಿನ ಚೀಲನೇ ಸುರುವಿಯೇನು?"

"ನನಗ ತಿಳಿಯಂಗಿಲ್ರೀ. ಇನ್ನ ಮ್ಯಾಲೆ ನೀವೇ ರುಚಿ ನೋಡಿ ಹೇಳ್ರಿ," ಎಂದಳು ಆಕೆ. ನೆಂಟರು ತಲೆ ತಗ್ಗಿಸಿ ಉಂಡರು.

ಮನೆಯಲ್ಲಿದ್ದ ಔಷಧಿ ಮುಗಿಯುತ್ತ ಬಂದಿತ್ತು. ಈ ಸಲ ತನ್ನ ಉಪ್ಪನ್ನೇ ಕೊಡುವುದೆಂದು ಮುದುಕಪ್ಪ ಮರುದಿನ ಆಸ್ಪತ್ರೆಯ ಸಾಲಿನಲ್ಲಿ ನಿಂತ. ಸರದಿ ಬಂದಾಗ ಬಾಯಿಂದ ಹೊರಟದ್ದು "ಕಹಿ" ಎಂದು.

"ಗಂಡಸರೆಲ್ಲ ಕಹಿನೇ ತರ್ತೀರಲ್ಲಣ್ಣ," ಎಂದಳು ನರ್ಸು.

ಮಗಳಿಗೆ ಒಂದು ವಾರದ ಔಷಧಿ ಸಿಕ್ಕಿತು. ಮುದುಕಪ್ಪನಿಗೆ ಹಾಗಲಕಾಯಿ ಸಪ್ಪೆಯಾಯಿತು, ಅಷ್ಟೇ.